ನಾಲ್ಕು ಸಾಕ್ಷಿ

"ನಿನ್ನ ಗಿಡದಾಗ ಏನದ ಅಂತ ನಾನೇ ಬಂದು ಹೇಳ್ತೀನಿ ಆಯಿ, ನನ್ನ ಬಾಯಿಂದನೇ ಹೇಳ್ತೀನಿ" ಎಂದು ಉಮಾದೇವಿ ಮಾತು ಕೊಟ್ಟು ಹದಿನಾಲ್ಕು ವರ್ಷವಾಗಿತ್ತು. ಚಿಂಚೋಳಿ ಕಾಡಿನ ಅಂಚಿನಲ್ಲಿ, ನೀರು ಬತ್ತಿದ ಹಳ್ಳದ ದಂಡೆಯ ಮೇಲೆ ಕೊಟ್ಟ ಮಾತು ಅದು. ಐನಾಪುರದ ಅನಸುಬಾಯಿ ಕುಡುಗೋಲಿನಿಂದ ಎಲೆ ಸವರಿ ಸವರಿ ಚೀಲಕ್ಕೆ ತುಂಬುತ್ತಿದ್ದವಳು, ನಡು ನೆಟ್ಟಗೆ ಮಾಡಿಕೊಂಡು ನಿಂತು ನಕ್ಕಿದ್ದಳು.

"ಓದಿದ ಮಂದಿ ಹಂಗೇ ಅಂತೀರಿ. ಒಯ್ದವರು ಯಾರ್ ಹೊಳ್ಳಿ ಬಂದಾರವ್ವಾ?"

"ನಾ ಬರ್ತೀನಿ."

"ಬಾ. ಬಂದ್ರ ಛಾ ಕುಡಿಸ್ತೀನಿ, ಬರದಿದ್ರ ಬೈತೀನಿ. ಎರಡೂ ಪುಕ್ಕಟೆ."

ಅನಸುಬಾಯಿ ಅದನ್ನು ಬಾಯಿಹುಣ್ಣಿನ ಗಿಡ ಅನ್ನುತ್ತಿದ್ದಳು. ಮಕ್ಕಳ ಬಾಯಿ ಹುಣ್ಣಾದರೆ ಎಲೆ ಅರೆದು ಹಚ್ಚುವುದು ಅವಳ ಅತ್ತೆಯಿಂದ ಕಲಿತ ವಿದ್ಯೆ. ಮೂರು ದಿನ ಬಿಸಿಲಲ್ಲಿ ನಡೆಸಿ, ಗಿಡ ಇರುವ ಜಾಗವನ್ನೆಲ್ಲ ತೋರಿಸಿ ಎಲೆ ಕೊಟ್ಟಿದ್ದಳು. ಉಮಾದೇವಿಯ ಪ್ರಬಂಧದಲ್ಲಿ ಗಿಡಕ್ಕೆ ಉದ್ದನೆಯ ಲ್ಯಾಟಿನ್ ಹೆಸರಿತ್ತು. ಅನಸುಬಾಯಿ ಮಾತ್ರ "ಸ್ಥಳೀಯ ಮಹಿಳೆಯೊಬ್ಬರು" ಆಗಿದ್ದಳು. ಆ ಪ್ರಬಂಧಕ್ಕೆ ಡಾಕ್ಟರೇಟು ಬಂತು, ಸೇಡಂನ ಮನೆಯ ಗೇಟಿಗೆ ಹೆಸರಿನ ಮೊದಲು 'ಡಾ.' ಇರುವ ಫಲಕ ಬಂತು. ಐನಾಪುರ ಎರಡು ಬಸ್ಸಿನ ದಾರಿ. ಉಮಾದೇವಿ ಆ ಕಡೆ ಹೋಗಿರಲಿಲ್ಲ.

ಅದೇ ಗೇಟು ಭಾನುವಾರ ಮುಂಜಾನೆ ಸಪ್ಪಳ ಮಾಡಿದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದರೆ ಕರುಣಾ ನಿಂತಿದ್ದಳು. ಬೆನ್ನಿಗೆ ಲ್ಯಾಪ್‌ಟಾಪಿನ ಚೀಲ, ಕೈಯಲ್ಲಿ ಹಸಿ ತೊಗರಿಕಾಯಿಯ ಗಂಟು. ಕರುಣಾ ಅನಸುಬಾಯಿಯ ಮಗನ ಮಗಳು. ಸೇಡಂ ಹಾಸ್ಟೆಲಿನಲ್ಲಿದ್ದುಕೊಂಡು ಉಮಾದೇವಿಯ ಕೈಕೆಳಗೇ ಬಿ.ಎಸ್‌ಸಿ. ಓದಿ, ಈಗ ಕಲಬುರಗಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದವಳು.

"ಆಯಿ ಕಳಿಸ್ಯಾಳ್ರಿ ಮೇಡಂ. ಉಪ್ಪು ಹಾಕಿ ಕುದಿಸಿ ತಿನ್ರಿ ಅಂದಾಳ. ಮತ್ತ ಛಾ ಇನ್ನಾ ಒಲಿ ಮ್ಯಾಲೇ ಅದ ಅಂತ ಹೇಳು ಅಂದಾಳ್ರಿ."

"ಆರಾಮ ಅದಾಳೇನು?"

"ಮೊಣಕಾಲು ಹಿಡದಾವ್ರಿ, ಬಾಯಿ ಆರಾಮ ಅದ."

ಉಮಾದೇವಿ ನಕ್ಕಂತೆ ಮಾಡಿ ಒಳಗೆ ಕರೆದಳು. ಹಂಚಿನ ಮೇಲಿದ್ದ ರೊಟ್ಟಿ ಒಂದು ಬದಿ ಕರಿದಾಗಿತ್ತು.

ಕರುಣಾ ಅಡುಗೆಮನೆಯ ಕಟ್ಟೆಯ ಮೇಲೆ ಹಿಟ್ಟಿನ ಡಬ್ಬಿ ಸರಿಸಿ ಲ್ಯಾಪ್‌ಟಾಪ್ ತೆರೆದಳು. ಅವಳ ಕೆಲಸ ಏನೆಂಬುದು ಉಮಾದೇವಿಗೆ ಗೊತ್ತಿತ್ತು. ಎಲೆ, ಹೂವು, ತೊಗಟೆಗಳಲ್ಲಿ ಫ್ಲೇವನಾಯ್ಡ್ ಎಂಬ ಹಳದಿ ಬಣ್ಣದ ವಸ್ತುಗಳಿರುತ್ತವೆ. ಶುದ್ಧ ಮಾಡಿದ ಪುಡಿಯನ್ನು ದೊಡ್ಡ ಅಯಸ್ಕಾಂತವಿರುವ ಎನ್.ಎಂ.ಆರ್. ಯಂತ್ರಕ್ಕೆ ಕೊಟ್ಟರೆ, ಅದರೊಳಗಿನ ಒಂದೊಂದು ಕಾರ್ಬನ್ನೂ ಕಾಗದದ ಮೇಲೆ ಒಂದೊಂದು ಗೆರೆಯಾಗಿ ಏಳುತ್ತದೆ. ಗೆರೆ ಯಾವ ಅಂಕಿಯ ಮೇಲೆ ನಿಂತಿದೆ ಎಂದು ನೋಡಿ, ಆ ಕಾರ್ಬನ್ನಿನ ನೆರೆಹೊರೆಯಲ್ಲಿ ಏನಿದೆ ಎಂದು ಹೇಳಬಹುದು. ಉಂಗುರವಾಗಿ ಕೂಡಿದ ಕಾರ್ಬನ್ನುಗಳಿಗೆ ಮನೆ ನಂಬರಿನ ಹಾಗೆ ಅಂಕಿಗಳಿರುತ್ತವೆ, ಮೆಥಾಕ್ಸಿಯಂಥ ಸಣ್ಣ ಗುಂಪು ಯಾವ ಮನೆಗೆ ಅಂಟಿದೆ ಎಂಬುದೂ ಹಾಗೇ ತಿಳಿಯುತ್ತದೆ. ಕರುಣಾ ಬರೆದ ಪ್ರೋಗ್ರಾಮು ಇದನ್ನೇ ತಿರುವಿ ಮಾಡುತ್ತಿತ್ತು. ಅಣುವಿನ ನಕ್ಷೆ ಕೊಟ್ಟರೆ ಗೆರೆಗಳು ಎಲ್ಲಿ ಬೀಳುತ್ತವೆ ಎಂದು ಯಂತ್ರ ಮುಟ್ಟುವ ಮೊದಲೇ ಲೆಕ್ಕ ಹಾಕಿ ಹೇಳುತ್ತಿತ್ತು. ಬೇರೆಯವರು ಅಳೆದು ಅಚ್ಚುಮಾಡಿದ ನಾನೂರಾ ಹನ್ನೆರಡು ವಸ್ತುಗಳ ಅಂಕಿ ನೋಡಿ ಅದು ಪಾಠ ಕಲಿತಿತ್ತು.

"ಎಲ್ಲಾ ಬರೋಬರಿ ಬರ್ತಾವ್ರಿ. ಹೆಚ್ಚಂದ್ರ ಒಂದು, ಒಂದೂವರೆ ಫರಕು. ನಿಮ್ಮ ಪ್ರಬಂಧದಾಗಿನ ಕಾಂಪೌಂಡ್ ಒಂದು ಬಿಟ್ಟು." ಕರುಣಾ ಪರದೆಯ ಮೇಲೆ ಬೆರಳಿಟ್ಟಳು. "ನೋಡ್ರಿ, ಹದಿನೇಳು ಕಾರ್ಬನ್. ಇದು, ತೊಂಬತ್ತೊಂಬತ್ತು ಪಾಯಿಂಟ್ ಒಂದು. ನನ್ನ ಪ್ರೋಗ್ರಾಮು ತೊಂಬತ್ನಾಕು ಅಂತದ. ಐದು ಫರಕು. ಇಪ್ಪತ್ತೆರಡು ದಿನ ಆತ್ರಿ ಇದರ ಬೆನ್ನ ಹತ್ತಿ."

ತೊಂಬತ್ತೊಂಬತ್ತು ಪಾಯಿಂಟ್ ಒಂದು ಉಮಾದೇವಿಗೆ ಚೆನ್ನಾಗಿ ನೆನಪಿತ್ತು. ಹೈದರಾಬಾದಿನ ಯಂತ್ರದಿಂದ ಬಂದ ಹಾಳೆಯಲ್ಲಿ ಅದು ಎದ್ದು ಕಾಣುವ ಉದ್ದನೆಯ ಗೆರೆ.

"ಉಂಗುರದ ಆರನೇ ಮನ್ಯಾಗ ಮೆಥಾಕ್ಸಿ ಅದ ಅಂತ ನೀವು ಬರದೀರಿ" ಕರುಣಾ ಮುಂದುವರಿಸಿದಳು. "ನಾ ಅದನ್ನ ಎಂಟನೇ ಮನಿಗಿ ಸರಿಸಿ ನೋಡ್ದೆ. ತೊಂಬತ್ತೊಂಬತ್ತು ಖಡಕ್ ಬಂತ್ರಿ. ಆದ್ರ ಈ ನಾಕು ಕೆಡ್ತಾವ. ಈ ನಾಕು ಆರನೇ ಮನಿ ಅಂದ್ರೇನೇ ಕುಂದರ್ತಾವ, ಎಷ್ಟ ಛಂದ ಅಂದ್ರ ಫರಕೇ ಇಲ್ರಿ. ನಾಕು ಸಾಕ್ಷಿ ಒಂದು ಕಡಿ, ಒಂದು ಸಾಕ್ಷಿ ಒಂದು ಕಡಿ. ಯಾರ ಮಾತು ಕೇಳ್ಬೇಕು?"

"ನಿಮ್ಮ ಗೈಡ್ ಏನಂತಾರ?"

"ಅಚ್ಚಾದ ಅಂಕಿನೂ ತಪ್ಪಾಗಬಹುದು, ಅದೊಂದು ತಗದು ಒಗಿ ಅಂತಾರ್ರಿ. ನಾ ಒಲ್ಲೆ ಅಂದೆ." ಅವಳು ತಲೆ ಎತ್ತಿ ನಕ್ಕಳು. "ಸೆಕೆಂಡ್ ಇಯರ್‌ದಾಗ ನನ್ನ ರೆಕಾರ್ಡ್ ಹಾಳಿ ಟರ್‍ರ್ ಅಂತ ಹರದಿದ್ರಿ, ನೆನಪದ ಏನ್ರಿ? ಅಂಥವರು ತಪ್ಪು ಅಂಕಿ ಬರೀತಾರೇನ್ರಿ ಅಂತ ಅವರ ಮುಂದ ಹೇಳೀನಿ."

ನೆನಪಿತ್ತು. ಲ್ಯಾಬಿನ ಹುಡುಗಿಯರು ಅಟೆಂಡರನಿಂದ ದ್ರಾವಣದ ಬಲ ಎಷ್ಟೆಂದು ಮೊದಲೇ ಕೇಳಿಕೊಂಡು, ಬರಬೇಕಾದ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ, ಬ್ಯೂರೆಟ್ಟನ್ನು ಮುಟ್ಟದೆಯೇ ರೀಡಿಂಗ್ ಬರೆಯುತ್ತಿದ್ದರು. ಕರುಣಾ ಮೂರು ಸಲಕ್ಕೂ ಹನ್ನೆರಡು ಪಾಯಿಂಟ್ ನಾಲ್ಕು ಬರೆದಿದ್ದಳು. "ಕಾಣಲಾರದ್ದು ಬರೀಬ್ಯಾಡ್ರಿ" ಎಂದು ಇಡೀ ಕ್ಲಾಸಿನ ಮುಂದೆ ಹಾಳೆ ಹರಿದು ಕೈಯಲ್ಲಿಟ್ಟಿದ್ದಳು ಉಮಾದೇವಿ. ಆಗ ಅವಳ ಡಾಕ್ಟರೇಟಿಗೆ ಎಂಟು ವರ್ಷ ತುಂಬಿತ್ತು.

"ಗುರುವಾರ ಸೆಮಿನಾರ್ ಅದರಿ. ಅಷ್ಟ್ರಾಗ ನಿಮ್ಮ ಕಾಂಪೌಂಡಿಗಿ ಹೊಂದೂ ಹಂಗ ಪ್ರೋಗ್ರಾಮ್ ತಿದ್ತೀನಿ. ತಪ್ಪು ನಂದೇ ಇರಬೇಕು. ಅಸಲಿ ಹಾಳಿ ಒಂದು ಸಿಕ್ರ ಸಾಕು. ಯಂತ್ರದಿಂದ ಬಂದದ್ದು. ನಿಮ್ಮ ಹಂತ್ಯಾಕ ಇರ್ತದಲ್ರಿ?"

ಹಾಳೆ ಮಲಗುವ ಕೋಣೆಯ ಕಬ್ಬಿಣದ ಅಲಮಾರಿಯಲ್ಲಿತ್ತು, ಮಗಳ ಜನನಪತ್ರದ ಕೆಳಗೆ.

"ಹಳೇ ಕಾಗದಕ್ಕೆಲ್ಲ ಗೆದ್ದಲು ಹತ್ತಿತ್ತವ್ವಾ" ಎಂದಳು ಉಮಾದೇವಿ. "ಸುಟ್ಟುಬಿಟ್ಟೆ."

ಕರುಣಾ "ಹೋಗ್ಲಿ ಬಿಡ್ರಿ" ಎಂದು ಲ್ಯಾಪ್‌ಟಾಪ್ ಮುಚ್ಚಿ, ತಾನೇ ಎರಡು ರೊಟ್ಟಿ ಬಡಿದಳು, ಉಂಡಳು, ಮಧ್ಯಾಹ್ನದ ಗಾಡಿಗೆ ಹೊರಟು ಹೋದಳು. ಅವಳು ಬಡಿದ ರೊಟ್ಟಿ ಉಮಾದೇವಿಯವಕ್ಕಿಂತ ತೆಳ್ಳಗಿದ್ದವು.

ಪ್ರಬಂಧ ಬರೆದ ಆ ವರ್ಷ, ಕಾಲೇಜು ಉಮಾದೇವಿಗೆ ಕೊಟ್ಟ ಓದುವ ರಜೆ ಮುಗಿಯಲು ಇಪ್ಪತ್ತು ದಿನ ಉಳಿದಿದ್ದವು. ಎರಡು ಚೀಲ ಎಲೆಯಿಂದ ಕೊನೆಗೆ ಕೈಗೆ ಬಂದದ್ದು ನಾಲ್ಕು ಮಿಲಿಗ್ರಾಂ ಪುಡಿ, ಉಗುರಿನ ಸಂದಿಯಲ್ಲಿ ಕೂರುವಷ್ಟು. ಹೈದರಾಬಾದಿನ ಯಂತ್ರ ಹದಿಮೂರು ಗೆರೆ ಕೊಟ್ಟಿತು. ಉಳಿದ ನಾಲ್ಕು, ಹೈಡ್ರೋಜನ್ ಹೊರದ ಸಪ್ಪಗಿನ ಕಾರ್ಬನ್ನುಗಳವು, ಹಾಳೆಯ ತಳದ ಗಿಜಿಗಿಜಿಯಲ್ಲಿ ಮುಳುಗಿಹೋಗಿದ್ದವು. ಇನ್ನಷ್ಟು ಎಲೆ ತಂದು ಮತ್ತೆ ಶುರುಮಾಡು ಅಂದರು ಗೈಡು. ಮಗಳು ಬಸವೇಶ್ವರಿಗೆ ಆಗ ಎರಡು ವರ್ಷ, ವಾರದಿಂದ ಜ್ವರ. ಅತ್ತೆ ಮಾತು ಬಿಟ್ಟಿದ್ದರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಪುಸ್ತಕದ ಹಿಂದಿನ ಕೋಷ್ಟಕ ತೆರೆದು, ಮೆಥಾಕ್ಸಿ ಆರನೇ ಮನೆಯಲ್ಲಿದೆ ಎಂದು ಹಿಡಿದುಕೊಂಡು, ಆ ನಾಲ್ಕು ಎಲ್ಲಿ ಬೀಳಬೇಕೋ ಅದನ್ನು ಕೂಡಿ ಕಳೆದು ತೆಗೆದಳು. ಅಷ್ಟರವರೆಗೆ ತಪ್ಪೇನೂ ಇರಲಿಲ್ಲ. ಪಕ್ಕದಲ್ಲಿ ಒಂದು ಚುಕ್ಕಿ ಇಟ್ಟು, ಅಡಿಯಲ್ಲಿ 'ಲೆಕ್ಕ ಹಾಕಿದ್ದು' ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಚುಕ್ಕಿ ಇಟ್ಟರೆ ಪ್ರಶ್ನೆ ಬರುತ್ತದೆ ಎಂದು ಇಡಲಿಲ್ಲ. ಅಚ್ಚಾಗುವಾಗ ಇಟ್ಟರಾಯಿತು ಅಂದುಕೊಂಡಳು. ಅಚ್ಚಾಗುವಾಗಲೂ ಇಡಲಿಲ್ಲ. ಯಾರೂ ಕೇಳಲಿಲ್ಲ.

ಈಗ ಯಂತ್ರದಲ್ಲಿ ಕಂಡ ಗೆರೆ ಸುಳ್ಳನಂತೆ ನಿಂತಿತ್ತು, ಕಾಣದ ನಾಲ್ಕು ಸಾಕ್ಷಿ ಹೇಳುತ್ತಿದ್ದವು. ಮಗಳ ಜ್ವರದಿಂದ ಹಾಗಾಯಿತು ಎಂದು ಅವಳು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಳು. ಹತ್ತನೇ ಇಯತ್ತೆಯ ಬಸವೇಶ್ವರಿ ಟ್ಯೂಷನ್ನಿನಿಂದ ಬಂದು ಚಪ್ಪಲಿ ಅಡ್ಡಾದಿಡ್ಡಿ ಬಿಟ್ಟದ್ದಕ್ಕೆ ಆ ಭಾನುವಾರ ಸಂಜೆ ಹುಡುಗಿ ಅಳುವಷ್ಟು ಬೈದಳು.

ಮಂಗಳವಾರ ಎರಡನೇ ವರ್ಷದವರ ಪ್ರಾಕ್ಟಿಕಲ್ ನಡೆಯುತ್ತಿದ್ದಾಗ ಕರುಣಾಳ ಸಂದೇಶ ಬಂತು. ತಿದ್ದಿದ್ದಾಯಿತು, ಈಗ ನಿಮ್ಮ ಕಾಂಪೌಂಡು ಬರೋಬರಿ ಬರುತ್ತದೆ ಮೇಡಂ. ಬೇರೆ ಮೂವತ್ತೊಂದು ಕೆಟ್ಟಿವೆ, ಹೇಗಾದರೂ ಸಂಭಾಳಿಸುತ್ತೇನೆ ಎಂದು ಬರೆದಿದ್ದಳು. ಉಮಾದೇವಿ ಅದನ್ನು ಎರಡು ಸಲ ಓದಿದಳು. ಎದುರಿಗೆ ಸುಶ್ಮಿತಾ ಎಂಬ ಹುಡುಗಿ ರೆಕಾರ್ಡ್ ಹಿಡಿದು ನಿಂತಿದ್ದಳು. ಮೂರು ರೀಡಿಂಗೂ ಒಂದೇ ಇದ್ದವು.

"ಖರೇ ನೋಡಿ ಬರದೀಯೇನು?"

ಹುಡುಗಿ ನೆಲ ನೋಡಿದಳು. ಹಾಳೆ ಹರಿಯುತ್ತಾರೆ ಎಂದು ಪಕ್ಕದವಳು ಬಾಯಿಗೆ ವೇಲು ಹಿಡಿದಿದ್ದಳು. ಉಮಾದೇವಿ ರೆಕಾರ್ಡ್ ಮುಚ್ಚಿ ವಾಪಸ್ ಕೊಟ್ಟಳು. "ಹೋಗಿ ಇನ್ನೊಮ್ಮೆ ಮಾಡವ್ವಾ" ಎಂದಳು. ಸಹಿ ಮಾಡಲೂ ಆಗಲಿಲ್ಲ, ಹರಿಯಲೂ ಆಗಲಿಲ್ಲ.

ಬುಧವಾರ ಬೆಳಗಿನ ಪ್ಯಾಸೆಂಜರಿಗೆ ಗಂಡನ ಜೊತೆ ಅವಳೂ ಹೊರಟಳು. ಕಾಶೀನಾಥ ಚಿತ್ತಾಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ದಿನಾ ಇದೇ ಗಾಡಿ. ಹೆಂಡತಿ ಎದುರು ಬಂದು ಕೂತಾಗ ಅವನು ಪೇಪರು ಮಡಚಿದ.

"ರಜಾ ಹಾಕೀಯೇನು?"

"ವಾಡಿಗಿ ಹೊಂಟೀನಿ. ಕರುಣಾಗ ಬಾ ಅಂದೀನಿ. ಆಕಿ ಕಲಬುರಗಿಯಿಂದ ಬರ್ತಾಳ."

ಗಾಡಿ ಹೊರಟ ಮೇಲೆ ಎಲ್ಲವನ್ನೂ ಹೇಳಿದಳು. ಹದಿನಾಲ್ಕು ವರ್ಷ ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿದವನಿಗೆ ಹೇಳಿರದ ಮಾತು, ಚಿತ್ತಾಪುರ ಬರುವುದರೊಳಗೆ ಮುಗಿದುಹೋಯಿತು. ಕಾಶೀನಾಥ ಕಿಟಕಿಯಾಚೆ ತೊಗರಿ ಹೊಲ ನೋಡುತ್ತ ಕೇಳಿದ.

"ಮಾರ್ಚ್‌ನಾಗ ನಿನ್ನ ಪ್ರೊಫೆಸರ್ ಇಂಟರ್‌ವ್ಯೂ ಅದ."

"ಗೊತ್ತದ."

"ಡಿಗ್ರಿಗೇ ಕುತ್ತು ಬಂದ್ರ?"

"ಬರಬಹುದು."

"ಹದಿನಾಕು ವರ್ಷ ಯಾರೂ ಕೇಳಿಲ್ಲಲ್ಲ, ಉಮಾ."

"ಈಗ ಕೇಳ್ಯಾಳ."

"ಆಕಿ ಕೇಳಿದ್ದು ಹಾಳಿ. ತಪ್ಪೇನದ ಅಂತ ಕೇಳಿಲ್ಲ."

ಗಾಡಿ ನಿಧಾನವಾಯಿತು. ಕಾಶೀನಾಥ ತನ್ನ ಊಟದ ಡಬ್ಬಿಯನ್ನು ಅವಳ ಪಕ್ಕದಲ್ಲಿ ಇಟ್ಟ. "ನೀ ಮುಂಜಾನಿಂದ ಏನೂ ತಿಂದಿಲ್ಲ, ನಾ ಕ್ಯಾಂಟೀನ್‌ದಾಗ ತಿಂತೀನಿ" ಎಂದು ಇಳಿದು ಹೋದ. ತಿರುಗಿ ನೋಡಲಿಲ್ಲ.

ವಾಡಿ ಜಂಕ್ಷನ್ನಿನಲ್ಲಿ ಸಿಮೆಂಟಿನ ಧೂಳು ಬಿಸಿಲಿಗಿಂತ ಮೊದಲೇ ಎದ್ದಿತ್ತು. ಬೆಂಚು, ನೀರಿನ ನಲ್ಲಿ, ಬೇವಿನ ಎಲೆ ಎಲ್ಲದರ ಮೇಲೂ ಬೂದಿ ಬಣ್ಣ. ಕರುಣಾ ಶಹಾಬಾದ್ ಕಡೆಯಿಂದ ಬಂದ ಗಾಡಿಯಿಂದ ಇಳಿದು, ದೂರದಿಂದಲೇ ಕೈ ಬೀಸಿ, ಓಡುತ್ತ ಬಂದಳು. ಕಣ್ಣ ಸುತ್ತ ಕಪ್ಪಾಗಿತ್ತು.

"ಏನ್ರಿ ಮೇಡಂ, ಹಾಳಿ ಸಿಕ್ತೇನ್ರಿ? ಗೆದ್ದಲು ಬಿಟ್ಟಿತ್ತೇನ್ರಿ?"

ಉಮಾದೇವಿ ಹಾಳೆ ಕೊಟ್ಟಳು. ಮಡಿಕೆಗಳಲ್ಲಿ ಹಳದಿಯಾಗಿದ್ದರೂ ಗೆರೆಗಳು ಸ್ಪಷ್ಟವಿದ್ದವು. ಕರುಣಾ ಬೆಂಚಿನ ಧೂಳನ್ನು ವೇಲಿನಿಂದ ಒರೆಸಿ, ಹಾಳೆ ಹರವಿ, ಪೆನ್ನಿನ ತುದಿಯಿಂದ ಎಣಿಸತೊಡಗಿದಳು. ತೊಂಬತ್ತೊಂಬತ್ತರ ಗೆರೆಯ ಮೇಲೆ ನಿಂತು "ಇದು ಖರೇ ಅದ ನೋಡ್ರಿ" ಎಂದಳು. ಎಣಿಸಿ ಮುಗಿಸಿದಳು. ಮತ್ತೆ ಮೊದಲಿನಿಂದ ಎಣಿಸಿದಳು.

"ಇವು ಹದಿಮೂರೇ ಅದಾವಲ್ರಿ."

"ಹೌದು."

"ಎರಡನೇ ಹಾಳಿ?"

"ಎರಡನೇ ಹಾಳಿ ಇಲ್ಲ, ಕರುಣಾ."

ಕರುಣಾ ಹಾಳೆಯಿಂದ ಕಣ್ಣು ಎತ್ತಲಿಲ್ಲ. "ಮತ್ತ ಆ ನಾಕು?"

"ನಾ ಲೆಕ್ಕ ಹಾಕಿ ಬರದದ್ದು. ಆರನೇ ಮನಿ ಅಂತ ಹಿಡಕೊಂಡು."

ಮಾಲು ಗಾಡಿಯೊಂದು ಪ್ಲಾಟ್‌ಫಾರ್ಮಿನ ಆಚೆ ಬದಿಯಿಂದ ಹಾದುಹೋಗತೊಡಗಿತು. ಹಾಳೆ ಹಾರದಂತೆ ಕರುಣಾ ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ಗಾಡಿ ಬಹಳ ಉದ್ದವಿತ್ತು.

"ಲೆಕ್ಕ ಅಂತ ಬರದಿಲ್ಲಲ್ರಿ" ಎಂದಳು ಕರುಣಾ.

"ಬರದಿಲ್ಲ."

"ನಾನೂ ಲೆಕ್ಕನೇ ಹಾಕ್ತೀನಿ ಮೇಡಂ. ಮ್ಯಾಲ ಲೆಕ್ಕ ಅಂತ ಬರೀತೀನಿ." ದನಿ ಏರಿರಲಿಲ್ಲ. "ಇಪ್ಪತ್ತೆರಡು ದಿನ. ನನಗ ಬುದ್ಧಿ ಸಾಲವಲ್ದು ಅಂತ ಅನಕೊಂಡಿದ್ದೆ. ಬಿಟ್ಟು ಮನಿಗಿ ಹೋಗ್ಲೇನಂತ ಆಯಿಗಿ ಕೇಳಿದ್ದೆ. ಭಾನುವಾರನೇ ಹೇಳಬಹುದಿತ್ತಲ್ರಿ. ನಿಮ್ಮ ಅಡಗಿಮನ್ಯಾಗೇ ಇದ್ದೆ ನಾ."

ಉಮಾದೇವಿ ಕಾದಳು. ಹರಿದ ರೆಕಾರ್ಡಿನ ಮಾತು ಈಗ ಬರುತ್ತದೆ, ಬಂದರೆ ಒಳ್ಳೆಯದು ಎಂದು ಕಾದಳು. ಕರುಣಾ ಆ ಮಾತು ಎತ್ತಲಿಲ್ಲ.

ಚೀಲದಿಂದ ಒಂದು ಲಕೋಟೆ ತೆಗೆದು ಉಮಾದೇವಿ ಬೆಂಚಿನ ಮೇಲಿಟ್ಟಳು. "ಜರ್ನಲ್‌ನವರಿಗಿ ಬರದೀನಿ, ಯೂನಿವರ್ಸಿಟಿಗೂ. ಇದು ಅದರ ನಕಲು, ಸಹಿ ಮಾಡೀನಿ. ನಾಳೆ ಸೆಮಿನಾರ್‌ದಾಗ ಬೇಕಾದ್ರ ತೋರಿಸು. ತಪ್ಪು ನಿಂದಲ್ಲ ಅಂತ ಅದರಾಗ ಅದ."

ಕರುಣಾ ಲಕೋಟೆ ಮುಟ್ಟಲಿಲ್ಲ. ಲ್ಯಾಪ್‌ಟಾಪ್ ತೆರೆದು ತೊಡೆಯ ಮೇಲಿಟ್ಟುಕೊಂಡಳು. ಭಾನುವಾರದಿಂದ ಹಾಕಿದ್ದ ತಿದ್ದುಪಡಿಗಳನ್ನು ಒಂದೊಂದಾಗಿ ಕಿತ್ತಳು. ನಾಲ್ಕು ಅಂಕಿಗಳನ್ನು ಅಳಿಸಿದಳು. ಮೆಥಾಕ್ಸಿಯನ್ನು ಎಂಟನೇ ಮನೆಗೆ ಸರಿಸಿದಳು. ಉಮಾದೇವಿ ಪಕ್ಕದಲ್ಲಿ ಕೂತು, ಪರೀಕ್ಷೆಯಲ್ಲಿ ಮಕ್ಕಳು ಕೂರುವ ಹಾಗೆ ಕೈ ಮಡಚಿಕೊಂಡು ನೋಡಿದಳು. ಹದಿಮೂರು ಸಾಲುಗಳೂ ಒಂದಾದ ಮೇಲೊಂದು ಬಂದು ನಿಂತವು. ಫರಕು ಎಲ್ಲೂ ಒಂದನ್ನು ದಾಟಿರಲಿಲ್ಲ.

"ಎಂಟರಾಗೇ ಅದ" ಎಂದಳು ಕರುಣಾ. ಗೆದ್ದ ದನಿಯಲ್ಲಿ ಅಲ್ಲ.

ಸ್ವಲ್ಪ ಹೊತ್ತು ಪರದೆ ನೋಡುತ್ತ ಕೂತವಳು, ಫೋನ್ ತೆಗೆದು ಐನಾಪುರಕ್ಕೆ ಹಚ್ಚಿದಳು. ಅನಸುಬಾಯಿಗೆ ಕಿವಿ ಮಂದ. ಆಕೆ ಒದರಿ ಮಾತಾಡುವುದು ಪಕ್ಕದಲ್ಲಿದ್ದವರಿಗೂ ಕೇಳುತ್ತಿತ್ತು.

"ಯಾಕವ್ವಾ, ಉಂಡೀಯಿಲ್ಲೋ?"

"ಉಣ್ತೀನಿ ಆಯಿ. ನಿನ್ನ ಗಿಡದಾಗ ಏನದ ಅಂತ ಗೊತ್ತಾತು."

"ಬಾಯಿಹುಣ್ಣಿನ ಗಿಡದಾಗೇನು?"

"ಹೂಂ. ಹಳದಿ ಬಣ್ಣದ ವಸ್ತು ಅದ. ಹದಿನೇಳು ಕಾರ್ಬನ್ನಿಂದು. ಅದರ ಉಂಗುರದ ಎಂಟನೇ ಮನ್ಯಾಗ..."

"ಮನಿ ನಂಬರ್ ತಗೊಂಡು ನಾ ಏನ್ ಟಪಾಲು ಹಾಕ್ಲೇನು? ಛಲೋದೋ, ಕೆಟ್ಟದ್ದೋ ಹೇಳು."

"ಛಲೋದೇ ಇರಬೇಕು. ಅದನ್ನ ಇನ್ನಾ ನೋಡ್ಬೇಕು."

"ಅಷ್ಟು ನಮ್ಮತ್ತಿಗೂ ಗೊತ್ತಿತ್ತು." ಆಚೆಯಿಂದ ನಗೆ, ಕೆಮ್ಮು. ಆಮೇಲೆ, "ಯಾರ್ ಹೇಳಿದ್ರು ನಿನಗ? ಆ ಸೇಡಂ ಬಾಯಿ ಹೇಳಿದಳೇನು?"

ಕರುಣಾ ಉಮಾದೇವಿಯ ಕಡೆ ತಿರುಗಿದಳು. ಫೋನನ್ನು ಅವಳ ಮುಂದೆ ಹಿಡಿದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಫೋನಿನಲ್ಲಿ ಎಲ್ಲೋ ಒಂದು ಕೋಳಿ ಕೂಗುತ್ತಿತ್ತು, ಯಾರೋ ಬಕೆಟ್ ಎಳೆಯುತ್ತಿದ್ದರು, ಅನಸುಬಾಯಿ ಉಸಿರಾಡುತ್ತ ಕಾಯುತ್ತಿದ್ದಳು. ಉಮಾದೇವಿಯ ಕೈ ಮಡಿಲಿನಲ್ಲಿದ್ದ ಊಟದ ಡಬ್ಬಿಯ ಮೇಲೆ ಇತ್ತು. ಅಲ್ಲಿಂದ ಏಳಲಿಲ್ಲ. ಅವಳು ತಲೆ ಅಲ್ಲಾಡಿಸಿದಳು.

ಕರುಣಾ ಇನ್ನೂ ಒಂದು ಗಳಿಗೆ ಹಾಗೇ ಹಿಡಿದಿದ್ದು, ಫೋನನ್ನು ಕಿವಿಗೆ ಒಯ್ದಳು.

"ಇಲ್ಲ ಆಯಿ. ನಾನೇ ನೋಡ್ದೆ."

ಹಾಳೆಯನ್ನೂ ಲಕೋಟೆಯನ್ನೂ ಚೀಲಕ್ಕೆ ಹಾಕಿಕೊಂಡು ಅವಳು ಮೆಟ್ಟಿಲು ಹತ್ತಿ ಕಲಬುರಗಿ ಗಾಡಿಯ ಪ್ಲಾಟ್‌ಫಾರ್ಮಿಗೆ ಹೋದಳು. ಬೆಂಚಿನ ಮೇಲೆ ಅವಳು ವೇಲಿನಿಂದ ಒರೆಸಿದಷ್ಟು ಜಾಗ ಮಾತ್ರ ಕಪ್ಪಗೆ ಹೊಳೆಯುತ್ತಿತ್ತು. ನೋಡನೋಡುತ್ತ ಅದರ ಮೇಲೂ ತೆಳ್ಳಗೆ ಧೂಳು ಕೂತಿತು.

ಗಿಡದಲ್ಲಿ ಏನಿದೆ ಎಂದು ಅನಸುಬಾಯಿಗೆ ಕರುಣಾ ಹೇಳಿದಳು. ಉಮಾದೇವಿ ಹೇಳಲಿಲ್ಲ.